ತೋಟದ ಕೆರೆಯಲ್ಲಿ ಹಿಂದಕ್ಕೆ ಮಗುಚುವ ಕ್ಯಾಟಮರಾನ್

ಪ್ರಶ್ನೆ: ನಾವು ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ಬೆಳೆಗಾರರು. ಎರಡನೇ ಪಿಯುಸಿ ಓದುತ್ತಿರುವ ಮಗಳು ಕಳೆದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ರಿಮೋಟ್ ದೋಣಿ ತೆಗೆದುಕೊಂಡಳು. ಎರಡು ಒಡಲಿನ ಕ್ಯಾಟಮರಾನ್, 29 ಇಂಚು ಉದ್ದ. ಮೊದಲು ಚೆನ್ನಾಗಿ ಓಡುತ್ತಿತ್ತು. ಅಂಗಡಿಯವರ ಮಾತು ಕೇಳಿ 3ಎಸ್ (ಮೂರು ಸೆಲ್ಲಿನ) ಬ್ಯಾಟರಿ ತೆಗೆದು 4ಎಸ್ (ನಾಲ್ಕು ಸೆಲ್ಲಿನದು) ಹಾಕಿದೆವು. ಅಲ್ಲಿಂದ ಶುರುವಾಯಿತು. ಫುಲ್ ಸ್ಪೀಡ್ ಕೊಟ್ಟರೆ ಮೂತಿ ಎದ್ದು ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಕೆರೆ ಸುಮಾರು 80 ಮೀಟರ್ ಉದ್ದ, ಮೂರು ಕಡೆ ಕಲ್ಲು ಕಟ್ಟಿದೆ. ವಿಚಿತ್ರ ಅಂದರೆ ಪಂಪ್‌ಹೌಸ್ ಕಡೆ ಹೋಗುವಾಗ ಏನೂ ಆಗುವುದಿಲ್ಲ, ವಾಪಸ್ ಬರುವಾಗಲೇ ಮಗುಚುತ್ತದೆ. ಸಂಜೆ ಹೊತ್ತು ಜಾಸ್ತಿ. ಒಮ್ಮೆ ಪೂರ್ತಿ ಮುಳುಗಿ, ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಈಜಿ ತಂದುಕೊಟ್ಟರು. ಎರಡು ಒಡಲಿನ ದೋಣಿಯನ್ನು ನಂಬಬಾರದು, ಮೂತಿಗೆ ಸೀಸ ಹಾಕಿ ಎಂದು ಪಕ್ಕದ ತೋಟದವರು ಹೇಳುತ್ತಾರೆ. ನಮ್ಮ ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ಹೀಗೆ ಎಂದು ಇನ್ನೊಬ್ಬರು. ಜೈರೋ ಇರುವ ಹೊಸ ಮಾಡೆಲ್ ತಗೊಳ್ಳಿ ಎಂದು ಅಂಗಡಿಯವರು. ಏನು ಮಾಡಲಿ?

ಉತ್ತರ: ದೋಣಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು. ನಿಮ್ಮ ರೈಟರ್ ಅವರನ್ನು ಇನ್ನೊಮ್ಮೆ ನೀರಿಗೆ ಇಳಿಸಬೇಡಿ. ತೋಟದ ಕೆರೆ ಈಜುಕೊಳ ಅಲ್ಲ. ಕಲ್ಲು ಕಟ್ಟಿದ ದಡ ಪಾಚಿ ಹಿಡಿದು ಜಾರುತ್ತದೆ, ತಳದಲ್ಲಿ ಮೊಣಕಾಲುದ್ದ ಕೆಸರು. ಈಜು ಬಲ್ಲವರೇ ಇಂಥ ಕಡೆ ಸಿಕ್ಕಿಕೊಳ್ಳುತ್ತಾರೆ. ಹಳೆಯ ಟೆನಿಸ್ ಬಾಲಿಗೆ ತೂತು ಹಾಕಿ ಗಾಳದ ದಾರ ಕಟ್ಟಿ. ನಿಂತ ದೋಣಿಯ ಆಚೆಗೆ ಎಸೆದು ನಿಧಾನವಾಗಿ ಎಳೆದರೆ ದಾರ ದೋಣಿಗೆ ಸುತ್ತಿಕೊಂಡು ದಡಕ್ಕೆ ಬರುತ್ತದೆ. ನಾನು ಇಪ್ಪತ್ತು ವರ್ಷದಿಂದ ಹೀಗೇ ಎಳೆಯುತ್ತಿದ್ದೇನೆ.

ದೋಣಿ ಮುಳುಗಲೇಬಾರದು ಎನ್ನುವುದು ಇದಕ್ಕಿಂತ ಮುಖ್ಯ. ಎರಡೂ ಒಡಲಿನ ಮುಂಭಾಗದ ಟೊಳ್ಳಿನಲ್ಲಿ ಥರ್ಮಾಕೋಲ್ ಅಥವಾ ನೀರು ಹೀರದ ಫೋಮ್ ತುಂಡುಗಳನ್ನು ತುರುಕಿ. ಮುಚ್ಚಳದ ಸುತ್ತ ಪ್ರತಿ ಸಲ ಟೇಪ್ ಅಂಟಿಸಿ. ಆಮೇಲೆ ಒಳಗೆ ನೀರು ತುಂಬಿದರೂ ತೇಲುತ್ತದೆ.

ಈಗ ನಿಮ್ಮ ಚಿಂತೆಗೆ ಬರೋಣ. ದೋಣಿಯ ವಿನ್ಯಾಸವೇ ಸರಿಯಿಲ್ಲವೇ, ದುಡ್ಡು ದಂಡವಾಯಿತೇ ಎಂಬುದು ತಾನೇ? ಇಲ್ಲ. ನಿಮ್ಮ ದೋಣಿ ಅದರ ಜಾತಿಗೆ ತಕ್ಕ ಹಾಗೆಯೇ ನಡೆದುಕೊಳ್ಳುತ್ತಿದೆ. ಈ ದೋಣಿಗೆ ಓಟ ಕೊಡುವುದು ಗಾಳಿ. ಅದನ್ನು ಮಗುಚುವುದೂ ಅದೇ ಗಾಳಿ. ಕಳೆದ ಅರವತ್ತು ವರ್ಷ ಈ ದೋಣಿಗಳನ್ನು ಕಟ್ಟಿದವರೆಲ್ಲ ಹೆಣಗಿದ್ದು ಇದೊಂದರ ಜೊತೆಗೇ.

ನಾನು ನೌಕಾಪಡೆಯ ಎಂಜಿನ್ ರೂಮಿನಲ್ಲಿ ಹದಿನೈದು ವರ್ಷ ಇದ್ದೆ. ಆಮೇಲೆ ಫೈಬರ್ ದೋಣಿ ಕಟ್ಟುವ ಯಾರ್ಡಿನಲ್ಲಿ ಕೆಲಸ ಮಾಡಿದೆ. ಈಗ ಗೋಣಿಕೊಪ್ಪದ ಹತ್ತಿರ ಮನೆ. ಪಂಪ್‌ಸೆಟ್ ರಿಪೇರಿ ಮಾಡುವ ಮೇಜಿನ ಮೇಲೆಯೇ ಮಾಡೆಲ್ ದೋಣಿಗಳೂ ಬಂದು ಕೂರುತ್ತವೆ. ಅವುಗಳಲ್ಲಿ ಮೂತಿ ಎತ್ತಿ ಮಗುಚಿ ಒಡೆದುಕೊಂಡು ಬಂದವೇ ಹೆಚ್ಚು.

ಎರಡು ಒಡಲಿನ ನಡುವೆ ಒಂದು ಸುರಂಗ ಇರುತ್ತದೆ ಅಲ್ವಾ? ದೋಣಿ ಓಡುವಾಗ ಎದುರಿನ ಗಾಳಿ ಅದರೊಳಗೆ ನುಗ್ಗುತ್ತದೆ. ಮೇಲೆ ಸುರಂಗದ ಚಾವಣಿ, ಕೆಳಗೆ ನೀರು, ಅಕ್ಕಪಕ್ಕ ಒಡಲು. ಸಿಕ್ಕಿಬಿದ್ದ ಗಾಳಿ ದೋಣಿಯನ್ನು ಮೇಲಕ್ಕೆ ಎತ್ತುತ್ತದೆ. ದೋಣಿ ನೀರನ್ನು ಉಳುವುದು ನಿಂತು, ಒಡಲಿನ ಹಿಂಭಾಗದ ಅಂಗೈಯಷ್ಟು ಜಾಗ ಮತ್ತು ಅರ್ಧ ಮುಳುಗಿದ ಪ್ರೊಪೆಲ್ಲರ್ ಮಾತ್ರ ನೀರಿಗೆ ತಾಗುತ್ತವೆ. ಅದಕ್ಕೇ ಅಷ್ಟು ವೇಗ. ಆದರೆ ಈ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು. ಜೊತೆಗೆ, ಮೂತಿ ಸ್ವಲ್ಪ ಎದ್ದರೆ ಸುರಂಗಕ್ಕೆ ಇನ್ನಷ್ಟು ಗಾಳಿ ನುಗ್ಗುತ್ತದೆ, ಮೂತಿ ಇನ್ನಷ್ಟು ಏಳುತ್ತದೆ. ಒಂದು ಮಿತಿ ದಾಟಿದರೆ ಅದು ತಾನಾಗಿ ನಿಲ್ಲುವುದಿಲ್ಲ. ದಡದಲ್ಲಿ ನಿಂತವರ ಕೈ ರಿಮೋಟಿನ ಟ್ರಿಗರ್ ಬಿಡುವ ಹೊತ್ತಿಗೆ ದೋಣಿಯ ಹೊಟ್ಟೆ ಆಕಾಶ ನೋಡುತ್ತಿರುತ್ತದೆ.

ಈಗ ನಿಮ್ಮ ಬ್ಯಾಟರಿ ನೋಡಿ. 3ಎಸ್ ಅಂದರೆ 11.1 ವೋಲ್ಟ್, 4ಎಸ್ ಅಂದರೆ 14.8 ವೋಲ್ಟ್. ಮೋಟರ್ ಸುತ್ತುವ ವೇಗ ಮೂರರಲ್ಲಿ ಒಂದು ಪಾಲು ಜಾಸ್ತಿಯಾಯಿತು. ದೋಣಿಯ ವೇಗವೂ ಅಷ್ಟೇ ಏರಿದರೆ, ಎತ್ತುವ ಬಲ ಒಂದೂಮುಕ್ಕಾಲು ಪಟ್ಟಾಗುತ್ತದೆ. ದೋಣಿಯ ಆಕಾರ ಹಳೆಯದೇ, ತೂಕ ಕೂತ ಜಾಗವೂ ಹಳೆಯದೇ. ಅದರ ಮೇಲೆ 4ಎಸ್ ಪ್ಯಾಕ್ ದಪ್ಪ ಮತ್ತು ಭಾರ. ಟ್ರೇಯಲ್ಲಿ ಮುಂದಕ್ಕೆ ಹಿಡಿಸದೆ ಹಿಂದಕ್ಕೆ ಸರಿದು ಕೂತಿರಬಹುದು. ತೂಕ ಹಿಂದಕ್ಕೆ ಹೋದಷ್ಟೂ ಮೂತಿ ಹಗುರ.

ವಾಪಸ್ ಬರುವಾಗಲೇ ಮಗುಚುತ್ತದೆ ಎಂದು ಬರೆದಿದ್ದೀರಲ್ಲ, ಇಡೀ ಪತ್ರದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಸಾಲು ಅದು. ಎರಡು ಕಾರಣ ಇರಬೇಕು. ಒಂದು, ಸಂಜೆಯ ಗಾಳಿ. ಪಂಪ್‌ಹೌಸ್ ಕಡೆ ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ. ದೋಣಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದು ಎದುರಿಂದ 15 ಕಿ.ಮೀ. ಗಾಳಿ ಬೀಸಿದರೆ ಸುರಂಗಕ್ಕೆ ನುಗ್ಗುವ ಗಾಳಿಯ ವೇಗ 75. ಎತ್ತುವ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಎರಡನೆಯದು, ದೋಣಿಯದೇ ಅಲೆ. ಮಂಜು ಕರಗುವ ಹೊತ್ತಿಗೆ ಒಂದು ದಿನ ನಿಮ್ಮ ಕೆರೆ ದಡದಲ್ಲಿ ಕೂತು ನೋಡಿ. ನೀರು ಕನ್ನಡಿಯ ಹಾಗಿರುತ್ತದೆ, ಸಿಲ್ವರ್ ಓಕಿನ ಒಂದೊಂದೇ ಎಲೆ ಬಿದ್ದದ್ದೂ ಕಾಣುತ್ತದೆ. ದೋಣಿಯನ್ನು ಒಂದು ಸಲ ಆ ತುದಿಗೆ ಬಿಟ್ಟು ನಿಲ್ಲಿಸಿ. ಅದು ಬಿಟ್ಟುಹೋದ ಅಲೆ ಕಲ್ಲಿನ ಕಟ್ಟೆಗೆ ಬಡಿದು ತಿರುಗುತ್ತದೆ. ಆ ಕಡೆಯ ಅಲೆ, ಈ ಕಡೆಯ ಅಲೆ ನಡುವೆ ಸೇರಿ ಸಣ್ಣ ದಿಬ್ಬಗಳಾಗುತ್ತವೆ. ಎಲೆಗಳು ಕುಣಿಯುವುದು ನಿಲ್ಲಲು ಎಷ್ಟು ಹೊತ್ತು ಬೇಕು ಎಂದು ಎಣಿಸಿ. ಮಣ್ಣಿನ ಇಳಿಜಾರು ದಡ ಅಲೆಯನ್ನು ನುಂಗುತ್ತದೆ, ಕಲ್ಲು ಕಟ್ಟಿದ ದಡ ವಾಪಸ್ ಕಳಿಸುತ್ತದೆ. 60 ಕಿ.ಮೀ. ವೇಗದಲ್ಲಿ 80 ಮೀಟರ್ ದಾಟಲು ಐದು ಸೆಕೆಂಡೂ ಬೇಡ. ಅಂದರೆ ನಿಮ್ಮ ಮಗಳು ತಿರುಗಿಸಿ ಟ್ರಿಗರ್ ಒತ್ತುವ ಹೊತ್ತಿಗೆ ದೋಣಿ ತನ್ನ ಅಲೆಯ ಮೇಲೇ ಹತ್ತುತ್ತಿರುತ್ತದೆ. ಅಲೆ ಮೂತಿಯನ್ನು ಒಂದು ಬೆರಳು ಎತ್ತಿದರೆ ಸಾಕು, ಉಳಿದದ್ದನ್ನು ಗಾಳಿ ಮಾಡುತ್ತದೆ.

ದೊಡ್ಡ ದೋಣಿಗಳವರಿಗೂ ಇದೇ ಕಾಟ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ತಮ್ಮ ಜೆಟ್ ದೋಣಿ ಬ್ಲೂಬರ್ಡ್ ಕೆ7ನಲ್ಲಿ ದಾಖಲೆಗೆ ಹೊರಟಿದ್ದರು. ಅದು ಕ್ಯಾಟಮರಾನ್ ಅಲ್ಲ, ಮೂರು ಬಿಂದುಗಳ ಮೇಲೆ ಓಡುವ ಹೈಡ್ರೋಪ್ಲೇನ್. ಆದರೆ ವೇಗ ಏರಿದಂತೆ ಅಡಿಯ ಗಾಳಿ ಅದನ್ನೂ ಎತ್ತುತ್ತದೆ. ಹೋಗುವ ಓಟ ಚೆನ್ನಾಗಿ ಮುಗಿಯಿತು. ನೀರು ಶಾಂತವಾಗುವ ತನಕ ಕಾಯದೆ ಅವರು ತಿರುಗಿ ಹೊರಟರು. ಗಂಟೆಗೆ 480 ಕಿ.ಮೀ. ಮೀರಿದ ವೇಗದಲ್ಲಿ ಮೂತಿ ಎದ್ದಿತು, ದೋಣಿ ಹಿಂದಕ್ಕೆ ಮಗುಚಿತು, ಕ್ಯಾಂಪ್‌ಬೆಲ್ ತೀರಿಕೊಂಡರು. ನಿಖರ ಕಾರಣದ ಬಗ್ಗೆ ಇವತ್ತಿಗೂ ಚರ್ಚೆ ಇದೆ. ನಾನಂತೂ ಯಾವ ಕೆರೆಯಲ್ಲೂ ಅಲೆ ಇಳಿಯುವ ಮುಂಚೆ ದೋಣಿಯನ್ನು ಎರಡನೇ ಸಲ ಜೋರಾಗಿ ಬಿಡುವುದಿಲ್ಲ.

ಎರಡು ಒಡಲಿನ ದೋಣಿಯನ್ನು ನಂಬಬಾರದು ಎಂಬ ನಿಮ್ಮ ನೆರೆಯವರ ಮಾತಿಗೂ ಹಳೆಯ ಕಥೆ ಇದೆ. ಕ್ಯಾಟಮರಾನ್ ಎಂಬ ಹೆಸರು ಹುಟ್ಟಿದ್ದು ನಮ್ಮ ಪಕ್ಕದ ತಮಿಳಿನ ಕಟ್ಟುಮರದಿಂದ. ಆ ಕಟ್ಟುಮರಕ್ಕೆ ಎರಡು ಒಡಲಿಲ್ಲ, ಅದು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಹೆಸರನ್ನು ಒಯ್ದವರು ಅದನ್ನು ಪೆಸಿಫಿಕ್ ದ್ವೀಪಗಳವರ ಜೋಡಿ ದೋಣಿಯಂಥವಕ್ಕೆ ಇಟ್ಟರು. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಅಮರಿಲಿಸ್ ಎಂಬ ಹಾಯಿ ಕ್ಯಾಟಮರಾನ್ ಕಟ್ಟಿ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಉಳಿದವರು ದೂರು ಕೊಟ್ಟರು, ಆ ದೋಣಿಯನ್ನು ಅನರ್ಹ ಮಾಡಿದರು. ಅದರ ಮೇಲಿನ ಅನುಮಾನ ಅಷ್ಟು ಹಳೆಯದು!

ಎಂಜಿನ್ ದೋಣಿಗಳಲ್ಲಿ ಈ ಯೋಚನೆಗೆ ದಾರಿ ಮಾಡಿದವರಲ್ಲಿ ಕೆನಡಾದ ಆಲ್ಬರ್ಟ್ ಹಿಕ್‌ಮನ್ ಒಬ್ಬರು. 1910ರ ದಶಕದ ಅವರ ಸೀ ಸ್ಲೆಡ್ ದೋಣಿಯ ತಳ ತಲೆಕೆಳಗಾದ ವಿ ಆಕಾರದ್ದು. ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ಸುತ್ತುವ ಪ್ರೊಪೆಲ್ಲರನ್ನೂ ಅವರು ಬಳಸಿದರು. ನಿಮ್ಮ ಮಗಳ ದೋಣಿಯಲ್ಲಿ ಇರುವುದೂ ಅದೇ ಬಗೆಯದು. 1960ರ ದಶಕದಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಆಂಜೆಲೊ ಮೊಲಿನಾರಿ ಸುರಂಗದ ರೇಸಿಂಗ್ ದೋಣಿಗಳನ್ನು ಪಳಗಿಸಿದರು. ಅವರ ಮಗ ರೆನಾಟೊ 1981ರಲ್ಲಿ ಫಾರ್ಮುಲಾ 1 ಪವರ್‌ಬೋಟಿನ ಮೊದಲ ವಿಶ್ವ ಚಾಂಪಿಯನ್ ಆದರು. ನದಿ, ಸರೋವರದಲ್ಲಿ ಓಡುತ್ತಿದ್ದ ಈ ಆಕಾರವನ್ನು 1970ರ ದಶಕದಲ್ಲಿ ಬ್ರಿಟನ್ನಿನ ಕೂಗರ್ ಮರೀನ್‌ನಂಥವರು ತೆರೆದ ಸಮುದ್ರಕ್ಕೆ ಇಳಿಸಿದರು. ಅಲ್ಲಿಯವರೆಗೆ ಅಲೆಗೆ ವಿ ತಳವೇ ಸರಿ ಎಂಬ ನಂಬಿಕೆ ಇತ್ತು.

ವೇಗದ ಜೊತೆ ಸಾವೂ ಬಂತು. 1990ರ ಅಕ್ಟೋಬರ್ 3ರಂದು ಮೊನಾಕೊ ಹತ್ತಿರ ವಿಶ್ವ ಚಾಂಪಿಯನ್ ಸ್ಟೆಫಾನೊ ಕಾಸಿರಾಗಿ ಅವರ ಕ್ಯಾಟಮರಾನ್ ಮಗುಚಿ ಅವರು ಪ್ರಾಣ ಕಳೆದುಕೊಂಡರು. ಆಮೇಲೆ ನಿಯಮಗಳು ಬಿಗಿಯಾದವು, ಯುದ್ಧವಿಮಾನದಂಥ ಮುಚ್ಚಿದ ಕಾಕ್‌ಪಿಟ್ ಮಾಮೂಲಾಯಿತು. ಆದರೆ ಎರಡು ಒಡಲನ್ನು ಯಾರೂ ಬಿಡಲಿಲ್ಲ. ಚಾಲಕನ ಸುತ್ತ ಗಟ್ಟಿ ಗೂಡು ಕಟ್ಟಿದರು, ಸುರಂಗದ ಅಗಲ ಮತ್ತು ಓರೆಯನ್ನು ತಿದ್ದಿದರು, ತೂಕದ ಜಾಗ ಬದಲಿಸಿದರು. 2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿಯಲ್ಲಿ ಕೃಷ್ಣಾ ನದಿ ಮೇಲೆ ಫಾರ್ಮುಲಾ 1 ದೋಣಿಗಳು ಓಡಿದವು. ಗಂಟೆಗೆ 200 ಕಿ.ಮೀ. ಮೀರುವ ಆ ದೋಣಿಗಳೆಲ್ಲ ಎರಡು ಒಡಲಿನವೇ.

ಆ ಚಾಲಕರಿಗೂ ನಿಮ್ಮ ಮಗಳಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರ ಕೈಯಲ್ಲಿ ಟ್ರಿಮ್ ಬಟನ್ ಇರುತ್ತದೆ. ಓಡುತ್ತಿರುವಾಗಲೇ ಎಂಜಿನ್ನಿನ ಓರೆ ಬದಲಿಸಿ ಮೂತಿಯನ್ನು ಇಳಿಸಬಹುದು. ಬೆನ್ನಿಗೆ ತಾಗುವ ಸೀಟಿನಿಂದಲೇ ಅವರಿಗೆ ದೋಣಿ ಹಗುರವಾಗುವುದು ಗೊತ್ತಾಗುತ್ತದೆ. ನಿಮ್ಮ ಮಾಡೆಲಿನಲ್ಲಿ ಆ ಬಟನ್ ಇಲ್ಲ. ಓರೆಯನ್ನು ದಡದಲ್ಲೇ ಸ್ಕ್ರೂಡ್ರೈವರ್ ಹಿಡಿದು ಕೂರಿಸಬೇಕು. ನೀರಿಗೆ ಬಿಟ್ಟ ಮೇಲೆ ಉಳಿಯುವುದು ಟ್ರಿಗರ್ ಒಂದೇ.

ಮಾಡೆಲ್ ದೋಣಿಗಳೂ ಇದೇ ದಾರಿಯಲ್ಲಿ ಬಂದಿವೆ, ಆದರೆ ಅವುಗಳನ್ನು ನಿಜಕ್ಕೂ ಬದಲಿಸಿದ್ದು ವಿದ್ಯುತ್ತು. ಮೊದಲು ಪ್ಲೈವುಡ್ ಒಡಲು, ಕಿವಿ ಕಿತ್ತುಹೋಗುವ ನೈಟ್ರೋ ಎಂಜಿನ್, ಆಮೇಲೆ ಫೈಬರ್ ಒಡಲು ಮತ್ತು ಮರ ಕೊಯ್ಯುವ ಯಂತ್ರದಂಥ ಸಣ್ಣ ಪೆಟ್ರೋಲ್ ಎಂಜಿನ್. ಬ್ರಶ್‌ಲೆಸ್ ಮೋಟರ್ ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ ಜೊತೆಯಾದ ಮೇಲೆ, ಪೆಟ್ಟಿಗೆಯಿಂದ ತೆಗೆದ ಸಿದ್ಧ ದೋಣಿಯೇ ಗಂಟೆಗೆ 60, 80 ಕಿ.ಮೀ. ಓಡತೊಡಗಿತು. ನಿಜವಾದ ದೋಣಿಗಳ ಆಕಾರವನ್ನೇ ಇಳಿಸಿ ಮಾಡಿದವೂ ಇವೆ. ಕ್ಯಾಲಿಫೋರ್ನಿಯಾದ ಡಿಸಿಬಿ ಕಂಪನಿಯ ಎಂ41 ಕ್ಯಾಟಮರಾನನ್ನು ಟ್ರಾಕ್ಸಾಸ್ ಕಂಪನಿ ಸುಮಾರು ಒಂದು ಮೀಟರ್ ಉದ್ದಕ್ಕೆ ಇಳಿಸಿ ಮಾರುತ್ತದೆ. ಮೊದಲೆಲ್ಲ ವೇಗ ಬೇಕಾದವರು ಎಂಜಿನ್ ಜೊತೆ ತಿಂಗಳುಗಟ್ಟಲೆ ಗುದ್ದಾಡಿ, ಆ ಹೊತ್ತಿಗೆ ದೋಣಿಯ ಸ್ವಭಾವವನ್ನೂ ಕಲಿತುಬಿಡುತ್ತಿದ್ದರು. ಈಗ ಬ್ಯಾಟರಿ ಬದಲಿಸಿದರೆ ಎರಡು ನಿಮಿಷದಲ್ಲಿ ವೇಗ ಸಿಗುತ್ತದೆ. ಕಲಿಯಲು ಸಮಯವೇ ಸಿಗುವುದಿಲ್ಲ. ನಿಮಗೆ ಆದದ್ದೂ ಅದೇ.

ಜೈರೋ ವಿಷಯ ಚಿಕ್ಕದು. ದೋಣಿಯ ಜೈರೋ ಎಡಬಲ ಸರಿಯುವುದನ್ನು ಚುಕ್ಕಾಣಿಯಿಂದ ತಿದ್ದುತ್ತದೆ. ನೇರ ಓಡಲು ಒಳ್ಳೆಯದು. ಆದರೆ ಎದ್ದ ಮೂತಿಯನ್ನು ಚುಕ್ಕಾಣಿ ಇಳಿಸಲಾರದು. ಈ ಕಾಯಿಲೆಗೆ ಅದು ಮದ್ದಲ್ಲ, ಅದಕ್ಕಾಗಿ ಹೊಸ ದೋಣಿ ಕೊಳ್ಳಬೇಡಿ.

ತೆಳು ಗಾಳಿಯ ಮಾತು ಅರ್ಧ ನಿಜ. ನಮ್ಮ ಜಿಲ್ಲೆಯ ಬಹುಪಾಲು ಜಾಗ ಸಮುದ್ರಮಟ್ಟದಿಂದ 900, 1000 ಮೀಟರ್ ಮೇಲಿದೆ. ಇಲ್ಲಿ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ಪೆಟ್ರೋಲ್ ಎಂಜಿನ್ನಿಗೆ ಇದು ತಟ್ಟುತ್ತದೆ, ಶಕ್ತಿ ಅಷ್ಟು ಇಳಿಯುತ್ತದೆ, ಕಾರ್ಬ್ಯುರೇಟರ್ ಸರಿ ಮಾಡಬೇಕಾಗುತ್ತದೆ. ವಿದ್ಯುತ್ ಮೋಟರ್‌ಗೆ ಉಸಿರಾಟ ಇಲ್ಲ. ಹಾಗೆ ನೋಡಿದರೆ ತೆಳು ಗಾಳಿ ದೋಣಿಯನ್ನು ಎತ್ತುವುದೂ ಕಡಿಮೆ. ಮಂಗಳೂರಿನಲ್ಲಿ ನಿಮ್ಮ ದೋಣಿ ಇನ್ನೂ ಬೇಗ ಮಗುಚುತ್ತಿತ್ತು.

ಮೂತಿಗೆ ಸೀಸ ಹಾಕುವುದರ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ವರ್ಷಗಳ ಹಿಂದೆ ನಾನೂ ಒಂದು ಕ್ಯಾಟಮರಾನ್ ಮೂತಿಗೆ 150 ಗ್ರಾಂ ಸೀಸ ಅಂಟಿಸಿದೆ. ನೇರ ಓಟದಲ್ಲಿ ಮಗುಚುವುದು ನಿಂತಿತು. ತಿರುವಿನಲ್ಲಿ ಮೂತಿ ನೀರಿಗೆ ಕಚ್ಚಿಕೊಂಡು ದೋಣಿ ಗಿರಗಿರ ತಿರುಗಿತು. ಮೂರನೇ ದಿನ ಒಂದು ಅಲೆಯೊಳಗೆ ನೇರ ನುಗ್ಗಿ ಮುಚ್ಚಳ ಕಿತ್ತುಹೋಯಿತು, ಸ್ಪೀಡ್ ಕಂಟ್ರೋಲರ್ ಸುಟ್ಟಿತು. ಇರುವ ತೂಕವನ್ನು ಸರಿಸಬೇಕು, ಹೊಸ ತೂಕ ಸೇರಿಸುವುದು ಕೊನೆಯ ಮಾತು.

ಸರಿಸುವುದು ಹೇಗೆ? ಬ್ಯಾಟರಿ ಕೂರಿಸಿ, ಮುಚ್ಚಳ ಹಾಕಿ, ದೋಣಿಯನ್ನು ಎರಡೂ ಕೈಯ ತೋರುಬೆರಳಿನ ಮೇಲೆ ಅಡ್ಡಲಾಗಿ ಎತ್ತಿ. ಮುಂದೂ ವಾಲದೆ ಹಿಂದೂ ವಾಲದೆ ನಿಲ್ಲುವ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿ. ಹಿಂದಿನ ತುದಿಯಿಂದ ಆ ಗೆರೆಗೆ ಎಷ್ಟು ದೂರ ಅಳೆಯಿರಿ. ಇಂಥ ಕ್ಯಾಟಮರಾನ್‌ಗೆ ಒಟ್ಟು ಉದ್ದದ ಸುಮಾರು 30% ಇದ್ದರೆ ಒಳ್ಳೆಯ ಆರಂಭ. ನಿಮ್ಮ 29 ಇಂಚು ಅಂದರೆ 74 ಸೆಂ.ಮೀ., ಗೆರೆ 22 ಸೆಂ.ಮೀ. ಹತ್ತಿರ ಬರಬೇಕು. 18, 19 ಬಂದರೆ ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ. ಒಂದೇ ಸಲಕ್ಕೆ ಜಾಸ್ತಿ ಬೇಡ, ಒಂದೊಂದು ಸೆಂ.ಮೀ. ಸರಿಸಿ ಓಡಿಸಿ ನೋಡಿ.

ಆಮೇಲೆ ಹಿಂಬದಿಯಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿರುವ ಸ್ಟ್ರಟ್. ಇಷ್ಟು ಸಲ ಮಗುಚಿದ ಮೇಲೆ ಅದು ಬಾಗಿಲ್ಲ ಎಂದು ನಾನು ನಂಬುವುದಿಲ್ಲ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಅಂಚಿನಲ್ಲಿ, ಹಿಂಬದಿ ಸ್ವಲ್ಪ ಹೊರಗೆ ಚಾಚುವಂತೆ ದೋಣಿ ಇಟ್ಟು ಪಕ್ಕದಿಂದ ನೋಡಿ. ಸ್ಟ್ರಟ್ ಕಟ್ಟೆಗೆ ಸಮಾನಾಂತರ ಇರಬೇಕು. ಪ್ರೊಪೆಲ್ಲರ್ ತುದಿ ಮೇಲಕ್ಕೆ ವಾಲಿದ್ದರೆ ಅದು ದೋಣಿಯ ಹಿಂಬದಿಯನ್ನು ಕೆಳಕ್ಕೆ ಎಳೆಯುತ್ತದೆ, ಮೂತಿ ಏಳುತ್ತದೆ. ತುದಿ ಕೂದಲೆಳೆಯಷ್ಟು ಕೆಳಕ್ಕಿದ್ದರೆ ಹಿಂಬದಿ ಎದ್ದು ಮೂತಿ ತಗ್ಗುತ್ತದೆ. ಇಲ್ಲಿ ಒಂದು ಮಿಲಿಮೀಟರ್ ಕೂಡ ಓಟದಲ್ಲಿ ಗೊತ್ತಾಗುತ್ತದೆ. ಅದಕ್ಕೇ ತೂಕ ಸರಿಸುವುದನ್ನೂ ಸ್ಟ್ರಟ್ ತಿದ್ದುವುದನ್ನೂ ಒಂದೇ ದಿನ ಮಾಡಬೇಡಿ. ಯಾವುದರಿಂದ ಏನಾಯಿತು ಅಂತ ತಿಳಿಯದೆ ಹೋಗುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿ ಯಾವುದು? ನನ್ನನ್ನು ಕೇಳಿದರೆ ಮೊದಲು 3ಎಸ್ ಬ್ಯಾಟರಿಗೆ ವಾಪಸ್ ಹೋಗಿ. ಖರ್ಚಿಲ್ಲ. 80 ಮೀಟರ್ ಕೆರೆಗೆ ಆ ವೇಗ ಧಾರಾಳ. ಅದರಲ್ಲೇ ತೂಕ, ಸ್ಟ್ರಟ್ ಕೂರಿಸುವುದನ್ನು ಮಗಳು ಕಲಿಯಲಿ. 4ಎಸ್ ಬೇಕೇ ಬೇಕು ಎಂದರೆ ಸ್ಪೀಡ್ ಕಂಟ್ರೋಲರ್ ಮೇಲೆ 4ಎಸ್‌ವರೆಗೆ ಎಂದು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬೆಂಕಿಗೆ ದಾರಿ. ಬರೆದಿದ್ದರೂ ಮೊದಲ ದಿನಗಳಲ್ಲಿ ಎರಡೆರಡು ನಿಮಿಷಕ್ಕೆ ದಡಕ್ಕೆ ತಂದು ಮೋಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಾದರೆ ತಂಪಿನ ನೀರಿನ ಕೊಳವೆಯಲ್ಲಿ ಕೆಸರೋ ಎಲೆಚೂರೋ ಕಟ್ಟಿಕೊಂಡಿರಬಹುದು. ಸಿರಿಂಜಿನಿಂದ ನೀರು ಹಾಯಿಸಿದರೆ ಗೊತ್ತಾಗುತ್ತದೆ.

ಒಂಟಿ ಒಡಲಿನ ದೋಣಿ ಕೊಳ್ಳುವುದು ಇನ್ನೊಂದು ದಾರಿ. ಅದನ್ನು ನಾನು ಕೀಳು ಮಾಡುವುದಿಲ್ಲ. ವಿ ತಳ ಸಣ್ಣ ಅಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಮಗುಚಿದರೆ ತಾನೇ ನೆಟ್ಟಗಾಗುವ ಮಾಡೆಲ್‌ಗಳೂ ಸಿಗುತ್ತವೆ, ಕ್ಯಾಟಮರಾನ್‌ಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯ ಇಲ್ಲ. ನಿಮ್ಮ ಕೆರೆಗೆ ಅದು ಹೆಚ್ಚು ಹೊಂದುತ್ತದೆ ಕೂಡ. ಆದರೆ ಮಗಳಿಗೆ ಇಷ್ಟವಾದದ್ದು ಈ ದೋಣಿ, ಅದು ಕೆಟ್ಟಿಲ್ಲ. ಹಾಗಾಗಿ ಈಗಲೇ ಬೇಡ ಎನ್ನುತ್ತೇನೆ. ದೊಡ್ಡ ನೀರು ಬೇಕೆಂದು ಹಾರಂಗಿ, ಚಿಕ್ಲಿಹೊಳೆಯಂಥ ಜಲಾಶಯಕ್ಕೆ ಅನುಮತಿ ಇಲ್ಲದೆ ಒಯ್ಯಬೇಡಿ.

ಬ್ಯಾಟರಿ ಬಗ್ಗೆ ಒಂದು ಎಚ್ಚರಿಕೆ. ದೋಣಿ ಮುಳುಗಿದಾಗ ಒಳಗಿದ್ದ ಪ್ಯಾಕ್ ಯಾವುದು? ಅದನ್ನು ಅಂಗೈ ಮೇಲಿಟ್ಟು ಒತ್ತದೆ ಸವರಿ ನೋಡಿ. ದಿಂಬಿನಂತೆ ಸ್ವಲ್ಪ ಉಬ್ಬಿದ್ದರೂ ಇನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಮರಳು ತುಂಬಿದ ಬಕೆಟಿನಲ್ಲಿ ಮನೆಯ ಹೊರಗಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಸರಿಯಿರುವ ಪ್ಯಾಕನ್ನೂ ಗೋಡೌನಿನಲ್ಲಿ ಚಾರ್ಜ್‌ಗೆ ಹಾಕಬೇಡಿ. ಅಲ್ಲಿ ಒಣ ಕಾಫಿ, ಗೋಣಿಚೀಲ ಇರುತ್ತವೆ. ಸಿಮೆಂಟ್ ಕಣದ ಮೇಲೆ, ಕಣ್ಣೆದುರಿಗೆ ಹಾಕಿ. ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ದೋಣಿ ಎತ್ತಿಡುತ್ತೀರಲ್ಲ, ಆಗ ಸೆಲ್ಲಿಗೆ 3.8 ವೋಲ್ಟ್ ಇರುವಂತೆ ಇಡಿ. ಶಾಫ್ಟನ್ನು ಹೊರಗೆಳೆದು ಗ್ರೀಸ್ ಸವರಿ, ಮುಚ್ಚಳ ತೆರೆದೇ ಇಡಿ. ನಮ್ಮ ಮಳೆಯ ತೇವಕ್ಕೆ ಒಂದು ತಿಂಗಳಲ್ಲಿ ಶಾಫ್ಟ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.

ಓಡಿಸುವ ಹೊತ್ತನ್ನೂ ಬದಲಿಸಿ. ಬೆಳಿಗ್ಗೆ ಏಳರಿಂದ ಒಂಬತ್ತು, ಗಾಳಿ ಏಳುವ ಮುಂಚೆ. ಒಂದು ಸಲ ಜೋರಾಗಿ ಬಿಟ್ಟರೆ, ತುದಿಯಲ್ಲಿ ವೇಗ ಇಳಿಸಿ ಅಗಲವಾಗಿ ತಿರುಗಿಸಿ, ನಿಧಾನವಾಗಿ ವಾಪಸ್ ತರಲಿ. ಎಲೆಗಳ ಕುಣಿತ ನಿಂತ ಮೇಲೆ ಮತ್ತೆ ಜೋರು. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟು ನೀವು ಸ್ಪ್ರಿಂಕ್ಲರ್ ಶುರು ಮಾಡಿದರೆ ಕೆರೆ ಇಳಿಯುತ್ತದೆ, ಕಲ್ಲಿನ ಕಟ್ಟೆಯ ಕೆಳಗಿನ ಮಣ್ಣಿನ ಇಳಿಜಾರು ಕಾಣುತ್ತದೆ. ಅಲೆ ತಿರುಗಿ ಬರುವುದು ಆಗ ಕಡಿಮೆ. ಆದರೆ ಹಳೆಯ ಮರದ ಬೊಡ್ಡೆಗಳೂ ಪಂಪಿನ ಫುಟ್‌ವಾಲ್ವೂ ನೀರಿನ ಮೇಲ್ಮೈಗೆ ಹತ್ತಿರ ಬಂದಿರುತ್ತವೆ. ಅವು ಎಲ್ಲೆಲ್ಲಿವೆ ಎಂದು ರೈಟರ್ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಗಳು ಅವರನ್ನು ಕೇಳಿಕೊಂಡು, ಒಂದೊಂದರ ಮೇಲೂ ದಾರ ಕಟ್ಟಿದ ಖಾಲಿ ಬಾಟಲಿ ತೇಲಿಬಿಡಲಿ.